ಅಜ್ಜನ ಎದೆಯ ಬಣ್ಣದ ಪಟ್ಟಿ: ಅಸಲಿಯೋ, ನಕಲಿಯೋ?

ಈಸ್ಟ್ ಇಂಡಿಯಾ ಕಂಪನಿ 1837ರಲ್ಲಿ ತನ್ನ ಸೈನ್ಯದ ದೇಶೀ ಅಧಿಕಾರಿಗಳಿಗೆಂದು ‘ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ’ ಎಂಬ ಗೌರವವೊಂದನ್ನು ಹುಟ್ಟುಹಾಕಿತು. ಬಹುಕಾಲ ನಿಷ್ಠೆಯಿಂದ ದುಡಿದ ಸುಬೇದಾರರು, ಜಮಾದಾರರು ಅದನ್ನು ರಿಬ್ಬನ್ನಿನಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳಬೇಕಿತ್ತು. ರಿಬ್ಬನ್ನಿನ ಬಣ್ಣ ತಿಳಿ ಆಕಾಶನೀಲಿ. ಮರುವರ್ಷವೇ ಅದು ಕಡುಗೆಂಪಾಯಿತು. ನಮ್ಮವರು ತಲೆಗೆ ಹಚ್ಚುತ್ತಿದ್ದ ಎಣ್ಣೆ ಕತ್ತಿಗಿಳಿದು ತಿಳಿನೀಲಿ ಬಟ್ಟೆ ಜಿಡ್ಡುಗಟ್ಟುತ್ತಿದ್ದುದೇ ಕಾರಣ ಎನ್ನುತ್ತಾರೆ. ನೂರು ವರ್ಷ ಕಳೆದ ಮೇಲೆ, 1939ರಲ್ಲಿ, ಆ ಕೆಂಪಿನ ನಡುವೆ ತಿಳಿನೀಲಿ ಗೆರೆಗಳು ಬಂದವು: ಮೊದಲ ದರ್ಜೆಗೆ ಎರಡು, ಎರಡನೆಯದಕ್ಕೆ ಒಂದು. ಹಾಗಾಗಿ ಗೆರೆ ಇರುವ ರಿಬ್ಬನ್ ಕೈಗೆ ಸಿಕ್ಕರೆ ಅದು 1939ಕ್ಕಿಂತ ಹಿಂದಿನದಲ್ಲ. ಸಿಪಾಯಿ ದಂಗೆಯ ಕಾಲದ ಸುಬೇದಾರನದು ಎಂದು ಯಾರಾದರೂ ಮಾರಲು ಬಂದರೆ ನಮಸ್ಕಾರ ಹೇಳಿ ಕಳಿಸಬಹುದು.

ಹಳೆಯ ಸೈನಿಕ ಪದಕಗಳ ಪರೀಕ್ಷೆಯಲ್ಲಿ ಇಂಥ ಸುಳಿವುಗಳೇ ಬಂಡವಾಳ. ಅದರಲ್ಲೂ ರಿಬ್ಬನ್ ಪಟ್ಟಿಯ ಪರೀಕ್ಷೆ ಪೂರ್ತಿ ನಿಂತಿರುವುದು ಇವುಗಳ ಮೇಲೆ. ಮೆರವಣಿಗೆ, ಸಮಾರಂಭಗಳಿಗೆ ಮಾತ್ರ ಸೈನಿಕರು ಇಡೀ ಪದಕ ಧರಿಸುತ್ತಾರೆ. ದಿನನಿತ್ಯದ ಸಮವಸ್ತ್ರದ ಎಡ ಜೇಬಿನ ಮೇಲೆ ಆ ಪದಕಗಳ ರಿಬ್ಬನ್ ತುಂಡುಗಳನ್ನಷ್ಟೇ ಸಾಲಾಗಿ ಕೂರಿಸಿದ, ಸುಮಾರು ಒಂದು ಸೆಂಟಿಮೀಟರ್ ಎತ್ತರದ ಪಟ್ಟಿ ಇರುತ್ತದೆ. ಕೊಡಗಿನ ಮನೆಗಳಲ್ಲಿ, ಬೆಂಗಳೂರು ದಂಡು ಪ್ರದೇಶದ ಹಳೆಯ ಕುಟುಂಬಗಳಲ್ಲಿ, ಟ್ರಂಕಿನ ತಳದ ಲಕೋಟೆಯೊಳಗೆ ಇಂಥವು ಇನ್ನೂ ಸಿಗುತ್ತವೆ. ಎಷ್ಟೋ ಕಡೆ ಪದಕ ಹೋಗಿ ಪಟ್ಟಿ ಮಾತ್ರ ಉಳಿದಿರುತ್ತದೆ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಬಹುಮಟ್ಟಿಗೆ ಅಪ್ಪಟ ಬೆಳ್ಳಿಯದು. ಬೆಳ್ಳಿಯ ದರ ಏರಿದಾಗಲೆಲ್ಲ ಲೋಕದಾದ್ಯಂತ ಅವು ಕುಲುಮೆ ಸೇರಿವೆ. ಬಟ್ಟೆಯ ತುಂಡನ್ನು ಕರಗಿಸಲಾಗದು, ಅಡ ಇಡಲಾಗದು. ಅದಕ್ಕೇ ಉಳಿಯಿತು.

ಪರೀಕ್ಷಿಸುವವರಿಗೆ ತೊಡಕಿರುವುದೂ ಇಲ್ಲೇ. ಮೊದಲ ಮಹಾಯುದ್ಧದ ಪದಕಗಳ ಮೇಲೆ ಸೈನಿಕನ ನಂಬರು, ಹುದ್ದೆ, ಹೆಸರು, ಪಡೆ ಅಚ್ಚಾಗಿರುತ್ತವೆ. ಎರಡನೆಯದರಲ್ಲಿ ಬ್ರಿಟನ್ ತನ್ನ ಸೈನಿಕರಿಗೆ ಹೆಸರು ಹಾಕದೆ ಪದಕ ಕೊಟ್ಟರೂ ಭಾರತೀಯ ಸೈನಿಕರ ಪದಕಗಳಿಗೆ ಹೆಸರು ಹಾಕಲಾಯಿತು. ಪಟ್ಟಿಯ ಮೇಲೆ ಮಾತ್ರ ಯಾವ ಕಾಲಕ್ಕೂ ಹೆಸರಿಲ್ಲ. ಮಾಲೀಕನ ಕಾಲಂ ಒಂದನ್ನು ಬಿಟ್ಟು ಉಳಿದೆಲ್ಲ ತುಂಬಿದ ಪಹಣಿ ಅದು: ಎಲ್ಲಿ, ಯಾವಾಗ, ಎಷ್ಟು ಎಂಬುದೆಲ್ಲ ಇದೆ, ಯಾರದು ಎಂಬುದಷ್ಟೇ ಇಲ್ಲ.

ಪಟ್ಟಿ ಕೈಗೆ ಬಂದ ಕೂಡಲೇ ಹೆಚ್ಚಿನವರು ಭೂತಗನ್ನಡಿ ಹಿಡಿದು ಬಟ್ಟೆ ಹಳೆಯದೇ ಎಂದು ನೋಡುತ್ತಾರೆ. ನನ್ನ ಪ್ರಕಾರ ಅದು ಆಮೇಲಿನ ಕೆಲಸ. ಈ ಬಣ್ಣಗಳನ್ನೆಲ್ಲ ಒಬ್ಬನೇ ಮನುಷ್ಯ ಒಂದೇ ಜೀವಮಾನದಲ್ಲಿ, ನಿಯಮದ ಪ್ರಕಾರ ಪಡೆದಿರಲು ಸಾಧ್ಯವೇ ಎಂಬುದು ಮೊದಲ ಪ್ರಶ್ನೆ. ಹಳೆಯ ರಿಬ್ಬನ್ ಹುಡುಕಿ ತರುವುದು ಕಷ್ಟವಲ್ಲ. ಹಳೆಯ ನಿಯಮಗಳನ್ನು ತಿಳಿದು ಜೋಡಿಸುವ ತಾಳ್ಮೆ ಮಾತ್ರ ನಕಲು ಮಾಡುವವರಲ್ಲಿ ಅಪರೂಪ.

ಮೈಸೂರಿನ ಲಾನ್ಸರ್‌ಗಳನ್ನೇ ತೆಗೆದುಕೊಳ್ಳಿ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಸವಾರರ ಜೊತೆ ಹೈಫಾ ಪಟ್ಟಣ ಗೆದ್ದವರು ಇವರು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಇವರ ಸ್ಮಾರಕವಿದೆ. 1914ರ ಕೊನೆಯಲ್ಲೇ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿದ್ದರು. ಅಲ್ಲಿಂದ ಕೊನೆಯವರೆಗೆ ಇದ್ದ ಸವಾರನ ಪಟ್ಟಿಯಲ್ಲಿ ಮೂರು ರಿಬ್ಬನ್ ಇರಬೇಕು. ಮೊದಲನೆಯದು ಕೆಂಪು, ಬಿಳಿ, ನೀಲಿ ಒಂದರೊಳಗೊಂದು ಕರಗಿದಂತಿರುವ 1914-15ರ ಸ್ಟಾರ್. ಎರಡನೆಯದು ನಡುವೆ ಕಿತ್ತಳೆ, ಅಂಚಿನತ್ತ ಬಿಳಿ, ಕಪ್ಪು, ನೀಲಿ ಗೆರೆಗಳ ಬ್ರಿಟಿಷ್ ವಾರ್ ಮೆಡಲ್. ಮೂರನೆಯದು ಎರಡು ಕಾಮನಬಿಲ್ಲುಗಳು ನಡುಗೆಂಪಿನಲ್ಲಿ ಕೂಡಿದಂಥ ವಿಕ್ಟರಿ ಮೆಡಲ್.

ಆ ಮೊದಲ ರಿಬ್ಬನ್ನಿನ ಮೇಲೆ ಬೆಳ್ಳಿಯ ಪುಟ್ಟ ಹೂವಿದ್ದರೆ? 1914ರ ಸ್ಟಾರ್ ಎಂಬ ಬೇರೆ ಪದಕಕ್ಕೂ ಇದೇ ರಿಬ್ಬನ್. ಅದು 1914ರ ನವೆಂಬರ್ 22ರೊಳಗೆ ಫ್ರಾನ್ಸ್, ಬೆಲ್ಜಿಯಂ ನೆಲದಲ್ಲಿದ್ದವರಿಗೆ ಮಾತ್ರ. ಅವರಲ್ಲೂ ಶತ್ರುವಿನ ಗುಂಡಿನೆದುರು ನಿಂತವರಿಗೆ ಹೆಚ್ಚುವರಿ ಪಟ್ಟಿಕೆಯೊಂದು ಸಿಕ್ಕಿತು. ರಿಬ್ಬನ್ ಪಟ್ಟಿಯಲ್ಲಿ ಅದರ ಗುರುತೇ ಈ ಬೆಳ್ಳಿಹೂವು. ಆ ಹೊತ್ತಿಗೆ ಮೈಸೂರಿನ ಪಡೆ ಇದ್ದದ್ದು ಫ್ರಾನ್ಸಿನಲ್ಲಲ್ಲ. ಅಂದಮೇಲೆ ಹೂವಿರುವ ಪಟ್ಟಿಗೆ ಹೈಫಾದ ಕಥೆ ಹೊಂದುವುದಿಲ್ಲ; ಪಟ್ಟಿ ಬೇರೆಯವರದು, ಇಲ್ಲವೇ ಹೂವನ್ನು ಆಮೇಲೆ ಯಾರೋ ಅಂದಕ್ಕೆ ಸಿಕ್ಕಿಸಿದ್ದಾರೆ. ಇವೆರಡು ಸ್ಟಾರ್‌ಗಳಲ್ಲಿ ಒಬ್ಬನಿಗೆ ಒಂದೇ ಸಿಗುತ್ತಿತ್ತು. ಸ್ಟಾರ್ ಸಿಕ್ಕವನಿಗೆ ಉಳಿದೆರಡು ಪದಕಗಳೂ ಸಿಕ್ಕೇ ಸಿಗುತ್ತಿದ್ದವು. ಸ್ಟಾರ್ ರಿಬ್ಬನ್ ಒಂದೇ ಇರುವ ಪಟ್ಟಿ ಕಂಡರೆ ಸಂಶಯಪಡಿ.

ಕಾಮನಬಿಲ್ಲಿನ ರಿಬ್ಬನ್ನಿನಲ್ಲಿ ಇನ್ನೊಂದು ತೊಡಕಿದೆ. ಗೆದ್ದ ಮಿತ್ರರಾಷ್ಟ್ರಗಳೆಲ್ಲ ವಿಕ್ಟರಿ ಮೆಡಲ್‌ಗೆ ಒಂದೇ ರಿಬ್ಬನ್ ಇರಲೆಂದು ಒಪ್ಪಿಕೊಂಡಿದ್ದವು. ಫ್ರಾನ್ಸ್, ಇಟಲಿ, ಅಮೆರಿಕ, ಜಪಾನುಗಳಿಗೂ ಇದೇ ಬಣ್ಣ. ಅದೊಂದೇ ಇದ್ದರೆ ಯಾವ ದೇಶದವನೆಂದು ಹೇಳಲಾಗದು.

ಎರಡನೇ ಮಹಾಯುದ್ಧಕ್ಕೆ ಬಂದರೆ ಬಣ್ಣಗಳೂ ಹೆಚ್ಚು, ನಿಯಮಗಳೂ ಹೆಚ್ಚು. ಆ ರಿಬ್ಬನ್ನುಗಳ ವಿನ್ಯಾಸ ದೊರೆ ಆರನೇ ಜಾರ್ಜನದೇ ಎನ್ನುತ್ತಾರೆ. ಪ್ರತಿ ಬಣ್ಣಕ್ಕೂ ಅರ್ಥವಿದೆ. 1939-45ರ ಸ್ಟಾರ್‌ನ ಕಡುನೀಲಿ ನೌಕಾಪಡೆಗೆ, ಕೆಂಪು ಭೂಸೇನೆಗೆ, ತಿಳಿನೀಲಿ ವಾಯುಪಡೆಗೆ. ಬರ್ಮಾ ಸ್ಟಾರ್‌ನ ನಡುವೆ ಅಗಲದ ಕೆಂಪು, ಎರಡೂ ಕಡೆಯ ನೀಲಿಯೊಳಗೆ ಸೂರ್ಯನ ಕಿತ್ತಳೆ ಗೆರೆ. ಆಫ್ರಿಕಾ ಸ್ಟಾರ್‌ನದು ಮರಳಿನ ಬಣ್ಣ. ಪೆಸಿಫಿಕ್ ಸ್ಟಾರ್‌ನಲ್ಲಿ ಕಾಡಿನ ಹಸಿರು, ನಡುವೆ ಕಡಲತೀರದ ಹಳದಿ. ಡಿಫೆನ್ಸ್ ಮೆಡಲ್‌ನ ಹಸಿರಿನಲ್ಲಿ ಎಳೆದ ತೆಳು ಕಪ್ಪು ಗೆರೆ, ಬಾಂಬುಗಳಿಗೆ ಹೆದರಿ ದೀಪ ಆರಿಸಿ ಕೂತ ರಾತ್ರಿಗಳದ್ದು.

ಬರ್ಮಾ ಮತ್ತು ಪೆಸಿಫಿಕ್ ಎರಡಕ್ಕೂ ಅರ್ಹನಾದವನಿಗೆ ಸಿಗುತ್ತಿದ್ದದ್ದು ಮೊದಲು ಗಳಿಸಿದ ಒಂದು ಸ್ಟಾರ್ ಮಾತ್ರ. ಇನ್ನೊಂದರ ಬದಲಿಗೆ ರಿಬ್ಬನ್ನಿನ ಮೇಲೆ ಬೆಳ್ಳಿಹೂವು. ಹಾಗಾಗಿ ಈ ಎರಡು ರಿಬ್ಬನ್ನುಗಳು ಅಕ್ಕಪಕ್ಕ ಕೂತಿರುವ ಪಟ್ಟಿಯನ್ನು ಯಾರೂ ನಿಯಮದ ಪ್ರಕಾರ ಧರಿಸಿರಲಾರರು. ಇಲ್ಲೂ ನಮ್ಮ ಕಡೆಯ ಕಥೆಯೊಂದಿದೆ. ಮೈಸೂರು ಸಂಸ್ಥಾನದ ಒಂದನೇ ಇನ್‌ಫೆಂಟ್ರಿ ಸಿಂಗಪುರದ ರಕ್ಷಣೆಗೆ ಹೋಗಿ 1942ರ ಫೆಬ್ರುವರಿಯಲ್ಲಿ ಜಪಾನೀಯರಿಗೆ ಸೆರೆಸಿಕ್ಕಿತು. ಆ ಪಡೆಯವನಿಗೆ ಸಲ್ಲುವುದು ಪೆಸಿಫಿಕ್ ಸ್ಟಾರ್. ‘ನಮ್ಮ ತಾತ ಜಪಾನಿನವರ ವಿರುದ್ಧ ಹೋರಾಡಿದವರು’ ಎಂದು ಕೇಳಿದ ಅಂಗಡಿಯವನು ಕೈಗೆ ಸಿಕ್ಕ ಬರ್ಮಾ ಸ್ಟಾರ್ ರಿಬ್ಬನ್ ಹಾಕಿಕೊಟ್ಟರೆ, ಬಡಪಾಯಿ ತಾತ ಕಾಲಿಡದ ಊರಿಗೆ ಹೋಗಿಬಂದಂತಾಗುತ್ತದೆ.

ಲೆಕ್ಕ ಹಾಕಿ ನೋಡಬೇಕಾದ ಪಟ್ಟಿಗಳೂ ಇರುತ್ತವೆ. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯ ಕಂಪನಿಗಳು ಉತ್ತರ ಆಫ್ರಿಕಾದಲ್ಲೂ ಇಟಲಿಯಲ್ಲೂ ದುಡಿದವು. ಅಂಥ ಸ್ಯಾಪರ್ ಒಬ್ಬನದೆಂದು ಹೇಳಲಾದ ಪಟ್ಟಿಯೊಂದು ಮೇಜಿನ ಮೇಲಿದೆ ಎಂದುಕೊಳ್ಳಿ. ಐದು ರಿಬ್ಬನ್: 1939-45ರ ಸ್ಟಾರ್, ಮೇಲೆ ‘8’ ಅಂಕಿ ಇರುವ ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್, ವಾರ್ ಮೆಡಲ್, ಕೊನೆಗೆ ಕಡುನೀಲಿಯ ನಡುವೆ ಎರಡು ತಿಳಿನೀಲಿ ಗೆರೆಗಳ ಇಂಡಿಯಾ ಸರ್ವಿಸ್ ಮೆಡಲ್. ಕ್ರಮ ಸರಿಯಿದೆ. ‘8’ ಎಂದರೆ ಎಂಟನೇ ಸೇನೆ. 1942ರ ಅಕ್ಟೋಬರ್ 23ರಿಂದ 1943ರ ಮೇ 12ರ ನಡುವೆ ಅದರಲ್ಲಿದ್ದವರಿಗೆ ಸಲ್ಲುವ ಗುರುತು. ಇನ್ನು ಇಂಡಿಯಾ ಸರ್ವಿಸ್ ಮೆಡಲ್‌ಗೆ ಯುದ್ಧದ ಅವಧಿಯಲ್ಲಿ ಭಾರತದೊಳಗೆ ಮೂರು ವರ್ಷದ ಸೇವೆ ಬೇಕು. ಯುದ್ಧ ನಡೆದದ್ದೇ 1939ರ ಸೆಪ್ಟೆಂಬರ್‌ನಿಂದ 1945ರ ಸೆಪ್ಟೆಂಬರ್‌ವರೆಗೆ, ಆರು ವರ್ಷ. ಮೊದಲ ಮೂರು ವರ್ಷ ಊರಲ್ಲೇ ಇದ್ದು, 1942ರ ಕೊನೆಗೆ ಹಡಗು ಹತ್ತಿ, ಮೇ ತಿಂಗಳೊಳಗೆ ಎಂಟನೇ ಸೇನೆ ಸೇರಿ, ಅಲ್ಲಿಂದ ಇಟಲಿಗೆ ಹೋಗಿದ್ದರೆ ಲೆಕ್ಕ ಕೂಡುತ್ತದೆ. ಕೂಡುವುದು ಮಾತ್ರ ಕೂದಲೆಳೆಯಲ್ಲಿ. 1940ರಲ್ಲೇ ಈಜಿಪ್ಟಿಗೆ ಹೋದ ಕಂಪನಿಯವನು ಎಂದು ಮನೆಯವರು ಹೇಳಿದರೆ, ಆ ಮೂರು ವರ್ಷವನ್ನು ಎಲ್ಲಿಂದ ತಂದು ಕೂರಿಸುವುದು? ಇದರ ಜೊತೆಗೆ ಡಿಫೆನ್ಸ್ ಮೆಡಲ್‌ನ ಕಿತ್ತಳೆ-ಹಸಿರೂ ಇದ್ದರಂತೂ ಲೆಕ್ಕವೇ ಬೇಡ. ಡಿಫೆನ್ಸ್ ಮೆಡಲ್ ಪಡೆದವರಿಗೆ ಇಂಡಿಯಾ ಸರ್ವಿಸ್ ಮೆಡಲ್ ಕೊಡುತ್ತಿರಲಿಲ್ಲ.

ಈ ಕೊನೆಯ ರಿಬ್ಬನ್ ಪಟ್ಟಿಯ ವಯಸ್ಸನ್ನೂ ಹೇಳುತ್ತದೆ. ಇಂಡಿಯಾ ಸರ್ವಿಸ್ ಮೆಡಲ್ ಹುಟ್ಟಿದ್ದು 1946ರಲ್ಲಿ. ಪಟ್ಟಿ ಹೊಲಿದದ್ದು ಅದಕ್ಕಿಂತ ಮುಂಚೆ ಅಲ್ಲ. ಬರ್ಮಾ ಸ್ಟಾರ್ 1945ರ ಮೇ ತಿಂಗಳದು. 1944ರ ಇಂಫಾಲ್ ಕದನದ ದಿನಗಳಲ್ಲೇ ತೆಗೆಸಿದ್ದು ಎನ್ನುವ ಫೋಟೊದಲ್ಲಿ ಅದು ಕಂಡರೆ ಇಸವಿ ತಪ್ಪಿದೆ ಎಂದೇ ಅರ್ಥ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರಿಗೆ ಎರಡನೇ ಮಹಾಯುದ್ಧದಲ್ಲಿ ಸಂದ ಓ.ಬಿ.ಇ. ಗೌರವದ ರಿಬ್ಬನ್ ಗುಲಾಬಿ ಬಣ್ಣದ್ದು, ಅಂಚಿಗೂ ನಡುವಿಗೂ ಮುತ್ತಿನ ಬೂದು. 1937ಕ್ಕೆ ಮುಂಚೆ ಅದೇ ಗೌರವಕ್ಕೆ ನೇರಳೆ ರಿಬ್ಬನ್ ಇತ್ತು. ನೇರಳೆಯದನ್ನು ತೋರಿಸಿ ಕಾರ್ಯಪ್ಪನವರ ಹೆಸರು ಹೇಳುವವರ ಮಾತು ಅಲ್ಲಿಗೇ ನಿಲ್ಲುತ್ತದೆ.

ಮರಣೋತ್ತರವಾಗಿ ಬಂದ ಪದಕವನ್ನು ಯಾರೂ ಎದೆಗೆ ಹಾಕಿಕೊಂಡು ಕೆಲಸಕ್ಕೆ ಹೋಗಿರುವುದಿಲ್ಲ. 1965ರ ಯುದ್ಧದಲ್ಲಿ ಸರ್ಗೋಧಾ ದಾಳಿಗೆ ಹೋಗಿ ಮರಳದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಅವರು ಬದುಕಿದ್ದಾಗ ಧರಿಸಿದ ಪಟ್ಟಿಯಲ್ಲಿ ಆ ಬಿಳಿ-ಕೇಸರಿ ಇರಲು ಸಾಧ್ಯವೇ ಇಲ್ಲ. ಗೌರವಕ್ಕೆಂದು ಚೌಕಟ್ಟಿನಲ್ಲಿ ಹೊಸದಾಗಿ ಮಾಡಿಸಿಟ್ಟದ್ದು ಬೇರೆ ವಿಷಯ. ಅದನ್ನು ನಕಲಿ ಎನ್ನಬಾರದು.

ಕ್ರಮದ ಬಗ್ಗೆ ಒಂದು ಮಾತು. ಪಟ್ಟಿಯನ್ನು ಅಂಗಿಯ ಗುಂಡಿಯ ಕಡೆಯಿಂದ ತೋಳಿನ ಕಡೆಗೆ ಓದಬೇಕು, ಅಂದರೆ ಎದುರು ನಿಂತವರ ಎಡದಿಂದ ಬಲಕ್ಕೆ. ಬ್ರಿಟಿಷರ ಕಾಲದಲ್ಲಿ ಶೌರ್ಯದ ಗೌರವಗಳು ಮೊದಲು, ಆಮೇಲೆ ಕಾಲಾನುಕ್ರಮದಲ್ಲಿ ಯುದ್ಧದ ಪದಕಗಳು, ಬಳಿಕ ದರ್ಬಾರು-ಪಟ್ಟಾಭಿಷೇಕದವು, ನಂತರ ದೀರ್ಘ ಸೇವೆಯವು, ವಿದೇಶಿ ಪದಕ ಕಟ್ಟಕಡೆಗೆ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಚಕ್ರಗಳು, ಸೇವಾ ಪದಕಗಳು ಮುಂದೆ ಬಂದವು, ಬ್ರಿಟಿಷರವು ಹಿಂದೆ ಸರಿದವು. ಹಾಗಾಗಿ ಎರಡೂ ಕಾಲದಲ್ಲಿ ದುಡಿದವನ ಪಟ್ಟಿಯಲ್ಲಿ ಇತಿಹಾಸ ಹಿಂದುಮುಂದಾಗಿ ಕಾಣುತ್ತದೆ: 1947ರ ಜನರಲ್ ಸರ್ವಿಸ್ ಮೆಡಲ್ ಮೊದಲು, ಕೇಸರಿ-ಬಿಳಿ-ಹಸಿರಿನ ಸ್ವಾತಂತ್ರ್ಯ ಪದಕ ಆಮೇಲೆ, ಬರ್ಮಾ ಅವೆಲ್ಲದರ ಹಿಂದೆ. ಗೊತ್ತಿಲ್ಲದವರು ಇದನ್ನು ತಪ್ಪೆಂದು ‘ಸರಿಪಡಿಸಿ’ ಹಾಳುಮಾಡಿದ್ದೂ ಉಂಟು.

1939-45ರ ಸ್ಟಾರ್‌ನಂಥ ರಿಬ್ಬನ್ನಿಗೆ ಎಡ-ಬಲವಿದೆ. ಕಡುನೀಲಿ ಗುಂಡಿಯ ಕಡೆಗೇ ಇರಬೇಕು. ತಿಳಿನೀಲಿ ಅಲ್ಲಿಗೆ ಬಂದಿದ್ದರೆ ಗಾಬರಿಯಾಗದೆ ಉಳಿದದ್ದನ್ನು ನೋಡಿ. ಪದಕಗಳ ಸಾಲೂ ಕೊನೆಯಿಂದ ಮೊದಲಿಗೆ ಓಡುತ್ತಿದ್ದರೆ ನೀವು ಪಟ್ಟಿಯನ್ನು ತಲೆಕೆಳಗಾಗಿ ಹಿಡಿದಿದ್ದೀರಿ, ಅಷ್ಟೆ. ಸಾಲು ಸರಿಯಿದ್ದು ಒಂದು ರಿಬ್ಬನ್ ಮಾತ್ರ ತಿರುಗಿದ್ದರೆ ದರ್ಜಿಯ ಅವಸರ. ಇಂಥ ತಪ್ಪನ್ನು ಕಂಡು ನಕಲಿ ಎಂದು ಎಸೆಯುವುದು ಅವಿವೇಕ. ಪಡೆ ಬಿಡುಗಡೆಯಾಗುವ ಗಡಿಬಿಡಿಯಲ್ಲಿ ದಂಡಿನ ದರ್ಜಿಗಳು ಹೊಲಿದ ಪಟ್ಟಿಗಳಲ್ಲಿ ಇವು ಮಾಮೂಲು. ಪುಸ್ತಕ ನೋಡಿ ಜೋಡಿಸುವ ಈಗಿನವರದೇ ಹೆಚ್ಚು ಅಚ್ಚುಕಟ್ಟು. ದರ್ಜಿ ರಿಬ್ಬನ್ನನ್ನು ತಿರುಗಿಸಿ ಹೊಲಿದಾನು. ಗಳಿಸದ ಪದಕವನ್ನು ಅವನು ಸೇರಿಸುವುದಿಲ್ಲ. ಓಕ್ ಎಲೆಯ ಕಂಚಿನ ಗುರುತಿನ ವಿಷಯ ಇದಕ್ಕಿಂತ ಬಿಗಿ. ಸೇನಾಪತಿಯ ವರದಿಯಲ್ಲಿ ಹೆಸರು ಉಲ್ಲೇಖವಾದವರಿಗೆ ಅದು. ಮೊದಲ ಯುದ್ಧದಲ್ಲಿ ಹಲವು ಎಲೆಗಳ ಕುಡಿ, ಜಾಗ ವಿಕ್ಟರಿ ಮೆಡಲ್ ರಿಬ್ಬನ್. ಎರಡನೆಯದರಲ್ಲಿ ಒಂದೇ ಎಲೆ, ಜಾಗ ವಾರ್ ಮೆಡಲ್ ರಿಬ್ಬನ್. ಬರ್ಮಾ ಸ್ಟಾರ್ ಮೇಲೆ ಆ ಎಲೆಗೆ ಕೆಲಸವಿಲ್ಲ.

ಇಷ್ಟಾದ ಮೇಲೆ ಬಟ್ಟೆ. ಬ್ರಿಟಿಷ್ ಕಾಲದ ಸಾಮಾನ್ಯ ರಿಬ್ಬನ್ನಿನ ಅಗಲ 32 ಮಿಲಿಮೀಟರ್, ಅಮೆರಿಕದ್ದು 35. ವಿಕ್ಟರಿ ಮೆಡಲ್‌ನದು ಇನ್ನೂ ಅಗಲ, ಸುಮಾರು 39. ಮೊದಲ ಯುದ್ಧದ ಕಾಲದ್ದು ಹೆಚ್ಚಾಗಿ ರೇಷ್ಮೆ. ಬೆಳಕಿಗೆ ಓರೆಯಾಗಿ ಹಿಡಿದರೆ ನೀರಿನ ಅಲೆಯಂಥ ಮಿನುಗು ಓಡುತ್ತದೆ. ಎರಡನೆಯದರಲ್ಲಿ ಹತ್ತಿಯವೂ ಬಹಳ. ನೈಲಾನ್, ಪಾಲಿಯೆಸ್ಟರ್ ಆಮೇಲಿನವು. ಹಿಂಬದಿಯಲ್ಲಿ ಬಿಚ್ಚಿಕೊಂಡ ಎಳೆಯಿದ್ದರೆ ಅದೊಂದನ್ನು ಕಿತ್ತು, ಪಟ್ಟಿಯಿಂದ ದೂರ ಹಿಡಿದು ಸುಟ್ಟು ನೋಡಬಹುದು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ರೇಷ್ಮೆಗೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನೋಟು ಪರೀಕ್ಷಿಸುವ ನೇರಳೆ ದೀಪದಡಿ ಹಿಡಿದಾಗ ಬಿಳಿ ಗೆರೆ ನೀಲಿಯಾಗಿ ಬೆಳಗಿದರೆ ಹೊಸದು ಎಂದು ತೀರ್ಪು ಕೊಡುವವರಿದ್ದಾರೆ. ಅಷ್ಟು ಸಲೀಸಲ್ಲ. ಬೆಳಗುವುದು ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕ. ಅದು ಇಂದಿನ ಸೋಪಿನ ಪುಡಿಯಲ್ಲೂ ಇರುತ್ತದೆ. ಸೊಸೆಯೋ ಮೊಮ್ಮಗಳೋ ಪ್ರೀತಿಯಿಂದ ಒಮ್ಮೆ ತೊಳೆದಿಟ್ಟ ಅಪ್ಪಟ ಪಟ್ಟಿಯೂ ಬೆಳಗುತ್ತದೆ. ಬೆಳಗದಿದ್ದರೆ ಒಳ್ಳೆಯ ಲಕ್ಷಣ, ಬೆಳಗಿದರೆ ಏನೂ ಸಾಬೀತಾಗಲಿಲ್ಲ.

ನಾನು ಹೆಚ್ಚು ನಂಬುವುದು ಪಟ್ಟಿಯ ಬೆನ್ನನ್ನು. ನಮ್ಮ ಸೆಖೆಯಲ್ಲಿ ಖಾಕಿ ಅಂಗಿ ಮೇಲಿಂದ ಮೇಲೆ ಅಗಸನ ಮನೆಗೆ ಹೋಗಿ, ಗಂಜಿ ಹಾಕಿಸಿಕೊಂಡು ಬರಬೇಕಿತ್ತು. ಅದಕ್ಕೇ ಅಂಗಿಗೆ ಹೊಲಿಯುವ ಬದಲು ಹಿತ್ತಾಳೆಯ ತಗಡಿಗೆ ರಿಬ್ಬನ್ ಸುತ್ತಿ, ಹಿಂದೆ ಉದ್ದದ ಅಡ್ಡಪಿನ್ನು ಇಟ್ಟ ಪಟ್ಟಿಗಳು ಇಲ್ಲಿ ಹೆಚ್ಚು. ಹಿಂದಕ್ಕೆ ಮಡಚಿದ ರಿಬ್ಬನ್ನಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿ. ಬಿಸಿಲು ಕಾಣದ ಆ ಮಡಿಕೆಯೊಳಗೆ ಕೆಂಪು ಕೆಂಪಾಗಿಯೇ ಇರಬೇಕು, ಮುಂಭಾಗ ಇಟ್ಟಿಗೆ ಬಣ್ಣಕ್ಕೆ ಇಳಿದಿರಬೇಕು. ಎರಡೂ ಕಡೆ ಒಂದೇ ಸಮನೆ ಮಂಕಾಗಿದ್ದರೆ, ಮಡಿಕೆಯೊಳಗೂ ಕಂದು ಛಾಯೆ ಸೇರಿದ್ದರೆ ಯಾರೋ ಚಹಾ ನೀರಿನಲ್ಲಿ ಅದ್ದಿದ್ದಾರೆ. ಪಿನ್ನಿನ ತುಕ್ಕು ಬಟ್ಟೆಗೆ ಇಳಿದ ಜಾಗ ಮತ್ತು ಪಿನ್ನು ಈಗಿರುವ ಜಾಗ ಒಂದಕ್ಕೊಂದು ತಾಳೆಯಾಗಬೇಕು. ಎರಡು ರಿಬ್ಬನ್ ಸೇರುವ ಸಂದಿನಲ್ಲಿ ದೂಳು ಗಟ್ಟಿಯಾಗಿ ಕೂತಿರಬೇಕು. ಐದರಲ್ಲಿ ನಾಲ್ಕು ಮಾಸಿ ಒಂದು ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಆ ಒಂದರ ಬಗ್ಗೆ ಕೇಳಿ. ಆಮೇಲೆ ಸಿಕ್ಕ ಪದಕ ಇರಬಹುದು, ಬೆಲೆ ಏರಿಸಲು ಸೇರಿಸಿದ್ದೂ ಇರಬಹುದು. ಹಾಗೆ ಸೇರುವುದು ಸಾಮಾನ್ಯವಾಗಿ ಶೌರ್ಯದ ರಿಬ್ಬನ್ನೇ ಆಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಮನೆಯ ಗೋಡೆಯ ಫೋಟೊದೊಂದಿಗೆ ಪಟ್ಟಿಯನ್ನು ಹೋಲಿಸುವಾಗ ಎಚ್ಚರ ಬೇಕು. ಮೊದಲ ಮಹಾಯುದ್ಧದ ಕಾಲದ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು, ಕಿತ್ತಳೆಗಳು ಅದರಲ್ಲಿ ಕಪ್ಪಾಗಿ ಮೂಡುತ್ತವೆ, ನೀಲಿ ಬಿಳಿಚಿಕೊಳ್ಳುತ್ತದೆ. ಬ್ರಿಟಿಷ್ ವಾರ್ ಮೆಡಲ್ ರಿಬ್ಬನ್ನಿನಲ್ಲಿ ಕಣ್ಣಿಗೆ ಗಾಢವಾಗಿ ಕಾಣುವ ನೀಲಿ ಅಂಚು ಫೋಟೊದಲ್ಲಿ ತೆಳುವಾಗಿ, ನಡುವಿನ ಉಜ್ವಲ ಕಿತ್ತಳೆ ಮಸಿಯಂತೆ ಕಂಡರೆ ಅದು ಬೇರೆ ಪದಕವಲ್ಲ, ಆ ಕಾಲದ ಫಿಲ್ಮಿನ ಗುಣ. ಹಳೆಯ ಫೋಟೊಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುವ ಈಗಿನ ಚಾಳಿಯಂತೂ ರಿಬ್ಬನ್ನಿನ ಪಾಲಿಗೆ ಶುದ್ಧ ಅನಾಹುತ. ಫೋಟೊದಲ್ಲಿ ಗೆರೆಗಳ ಸಂಖ್ಯೆ, ಅಗಲ ನೋಡಿ. ಬಣ್ಣದ ಗೊಡವೆ ಬೇಡ.

ರಿಬ್ಬನ್ ಇಂದಿಗೂ ಮೀಟರ್ ಲೆಕ್ಕದಲ್ಲಿ ಮಾರಾಟಕ್ಕಿದೆ. ಸವೆದದ್ದನ್ನು ಸೈನಿಕರೇ ಸೇವೆಯುದ್ದಕ್ಕೂ ಬದಲಿಸುತ್ತಿದ್ದರು. ಆದ್ದರಿಂದ ಬಟ್ಟೆ ಹೊಸದಾದ ಮಾತ್ರಕ್ಕೆ ಮೋಸವಲ್ಲ, ಹಳೆಯದಾದ ಮಾತ್ರಕ್ಕೆ ಸತ್ಯವೂ ಅಲ್ಲ. ಬಿಡಿ ಪಟ್ಟಿಯೊಂದಕ್ಕೆ ಯಾರಾದರೂ ದೊಡ್ಡ ಬೆಲೆ ಹೇಳಿದರೆ, ಆ ಬೆಲೆ ಅದರ ಜೊತೆಗಿರುವ ಕಾಗದಕ್ಕೋ ಬಾಯಿಮಾತಿನ ಕಥೆಗೋ ಎಂದು ಕೇಳಿಕೊಳ್ಳಿ. ಕಥೆಗಾದರೆ ನಾನಂತೂ ಒಂದು ರೂಪಾಯಿಯೂ ಕೊಡಲಾರೆ. ನಿಮ್ಮ ಮನೆಯದೇ ಪಟ್ಟಿಯಾದರೆ ತೊಳೆಯಬೇಡಿ, ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಬೇಡಿ, ಬಿಚ್ಚಿದ ಹೊಲಿಗೆಯನ್ನು ಮತ್ತೆ ಹಾಕಿಸಬೇಡಿ. ಯಾವ ಲಕೋಟೆಯಲ್ಲಿ, ಯಾವುದರ ಜೊತೆ ಇತ್ತೋ ಹಾಗೆಯೇ ಹಿಂದೆ-ಮುಂದೆ ಫೋಟೊ ತೆಗೆದಿಟ್ಟುಕೊಳ್ಳಿ. ಪದಕ, ಪಟ್ಟಿ, ಬಿಡುಗಡೆ ಪತ್ರಗಳನ್ನು ಅಣ್ಣತಮ್ಮಂದಿರು ಒಂದೊಂದು ಹಂಚಿಕೊಂಡು ಹೋದ ಮನೆಗಳಲ್ಲಿ ಮೂರಕ್ಕೂ ಬೆಲೆಯಿಲ್ಲದಂತಾಗಿದೆ.

ದಾಖಲೆ ಹುಡುಕುವ ದಾರಿ ಪದಕದ ಜಾತಿಯ ಮೇಲೆ ನಿಂತಿದೆ. ಬ್ರಿಟಿಷ್ ಕಾಲದ ಶೌರ್ಯ ಪದಕಗಳಲ್ಲಿ ಹೆಚ್ಚಿನವು ಲಂಡನ್ ಗೆಜೆಟ್‌ನಲ್ಲೋ ಭಾರತ ಸರ್ಕಾರದ ಗೆಜೆಟ್‌ನಲ್ಲೋ ಪ್ರಕಟವಾಗಿವೆ. ಲಂಡನ್ನಿನದನ್ನು ಮನೆಯಲ್ಲೇ ಕೂತು ಅಂತರ್ಜಾಲದಲ್ಲಿ ಹೆಸರು ಹಾಕಿ ಹುಡುಕಬಹುದು. ಅಂದಿನ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಕೇಳಿದಂತೆ ಬರೆದಿರುವುದರಿಂದ ಮುತ್ತಣ್ಣ, ಮಾದಪ್ಪಗಳನ್ನು ನಾಲ್ಕಾರು ಕಾಗುಣಿತದಲ್ಲಿ ಹುಡುಕಬೇಕಾದೀತು. ಬರ್ಮಾ, ಇಟಲಿಗಳಂಥ ಯುದ್ಧ ಪದಕಗಳು ಗೆಜೆಟ್‌ನಲ್ಲಿ ಹೆಸರಿನೊಂದಿಗೆ ಬರುವುದಿಲ್ಲ. ಅವಕ್ಕೆ ಆಯಾ ಪಡೆಯ ದಾಖಲೆ ಕಚೇರಿಯೇ ಗತಿ: ಮದ್ರಾಸ್ ಸ್ಯಾಪರ್ಸ್‌ನದಾದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿನದಾದರೆ ಊಟಿ ಹತ್ತಿರದ ವೆಲಿಂಗ್ಟನ್. ಅರ್ಜಿಯಲ್ಲಿ ಹೆಸರಿಗಿಂತ ಮುಖ್ಯ ಸೈನಿಕನ ನಂಬರು. ಅದು ಪದಕದ ಮೇಲಿರುತ್ತದೆ. ಪದಕ ಅಕ್ಕಸಾಲಿಗನ ಮನೆ ಸೇರಿದ್ದರೆ ಅಜ್ಜಿಯ ಕುಟುಂಬ ಪಿಂಚಣಿಯ ಹಳೆಯ ಕಾಗದಗಳಲ್ಲಿ ಹುಡುಕಿ.